ಎಸೆತಗಳ ಲೆಕ್ಕ: ಮೈಸೂರು ಸೀಮೆಯ ಎರಡು ತೋಳುಗಳ ಕುರಿತು ಒಂದು ಸಂವಾದ

ಬೇಸ್‌ಬಾಲ್ ಆಟದಲ್ಲಿ ಬ್ಯಾಟರ್‌ನತ್ತ ಚೆಂಡು ಎಸೆಯುವ ಆಟಗಾರನನ್ನು ಪಿಚರ್ ಎನ್ನುತ್ತಾರೆ. ಅಮೆರಿಕ, ಜಪಾನ್ ಮುಂತಾದ ದೇಶಗಳಲ್ಲಿ ಅದು ಸಂಬಳ, ಕರಾರು, ವಿಮೆ, ಶಸ್ತ್ರಚಿಕಿತ್ಸೆಗಳೆಲ್ಲ ಕೂಡಿಕೊಂಡಿರುವ ಪೂರ್ಣಾವಧಿಯ ವೃತ್ತಿ. ಶ್ರೀರಂಗಪಟ್ಟಣ ತಾಲ್ಲೂಕಿನ ಕಿರಂಗೂರಿನಲ್ಲಾಗಲಿ, ಅಲ್ಲಿಂದ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಕಡೆಗಾಗಲಿ ಆ ಆಟದ ಮೈದಾನವನ್ನು ಕಂಡವರು ಕಡಿಮೆ. ಆದರೆ ತೋಳನ್ನೇ ಬಂಡವಾಳ ಮಾಡಿಕೊಂಡು ಬಾಳಿದವರ ಉದಾಹರಣೆಯನ್ನು ಹುಡುಕಿಕೊಂಡು ಈ ಸೀಮೆಯವರು ಬಹಳ ದೂರ ಹೋಗಬೇಕಾಗಿಲ್ಲ, ಏಕೆಂದರೆ ಕಾವೇರಿ ದಾಟಿದರೆ ಸಿಗುವ ಮೈಸೂರಿನಲ್ಲಿಯೇ ಕ್ರಿಕೆಟ್ಟಿನ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ 1945ರಲ್ಲಿ, ವೇಗದ ಬೌಲರ್ ಜಾವಗಲ್ ಶ್ರೀನಾಥ್ 1969ರಲ್ಲಿ ಹುಟ್ಟಿದರು. ಈ ಸಂವಾದದಲ್ಲಿ ಮಾತನಾಡುವವರು ಇಬ್ಬರು. ಹಿರಿಯರು ದೈಹಿಕ ಶಿಕ್ಷಣದ ಶಿಕ್ಷಕರಾಗಿದ್ದು ನಿವೃತ್ತರಾದವರು. ಕಿರಿಯನು ಕಿರಂಗೂರಿನ ಸುತ್ತಮುತ್ತ ಟೆನಿಸ್ ಚೆಂಡಿನ ಪಂದ್ಯಾವಳಿಗಳನ್ನು ನಡೆಸುವ ಗುಂಪಿಗೆ ಸೇರಿದವನು.

ಕಿರಿಯ: ಮೇಷ್ಟ್ರೇ, ಪಿಚರ್‌ನನ್ನೂ ಬೌಲರ್‌ನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ? ಒಬ್ಬನು ನಿಂತಲ್ಲಿಂದಲೇ ಎಸೆಯುತ್ತಾನೆ, ಇನ್ನೊಬ್ಬನು ಓಡಿ ಬಂದು ಎಸೆಯುತ್ತಾನೆ. ಒಬ್ಬನ ಚೆಂಡು ನೆಲ ಮುಟ್ಟದೆ ಹೋಗಬೇಕು, ಇನ್ನೊಬ್ಬನದು ಸಾಮಾನ್ಯವಾಗಿ ನೆಲಕ್ಕೆ ಬಡಿದೇ ಏಳಬೇಕು.

ಹಿರಿಯರು: ಆಟದ ನಿಯಮಗಳನ್ನು ನೋಡಿದರೆ ಎರಡಕ್ಕೂ ಹೋಲಿಕೆಯೇ ಇಲ್ಲವೆನಿಸುತ್ತದೆ, ಅಳತೆಗಳನ್ನು ನೋಡಿದರೆ ಹಾಗೆನಿಸುವುದಿಲ್ಲ. ಪಿಚರ್ ನಿಲ್ಲುವ ಮಣ್ಣಿನ ದಿಬ್ಬವು ಸುತ್ತಲಿನ ನೆಲಕ್ಕಿಂತ 10 ಅಂಗುಲ ಎತ್ತರವಾಗಿರುತ್ತದೆ. ಅಲ್ಲಿಂದ ಬ್ಯಾಟರ್‌ನ ಪಕ್ಕದಲ್ಲಿ ನೆಲಕ್ಕೆ ಹೂತಿರುವ, ಹೋಂ ಪ್ಲೇಟ್ ಎಂಬ ಬಿಳಿಯ ರಬ್ಬರ್ ಹಲಗೆಯ ಹಿಂತುದಿಗೆ 60 ಅಡಿ 6 ಅಂಗುಲ, ಅಂದರೆ 18.44 ಮೀಟರು. ಕ್ರಿಕೆಟ್ಟಿನಲ್ಲಿ ಬೌಲರ್‌ನ ಕ್ರೀಸಿನಿಂದ ಬ್ಯಾಟರ್‌ನ ಕ್ರೀಸಿಗೆ 58 ಅಡಿ, ಅಂದರೆ 17.68 ಮೀಟರು. ಬೇಸ್‌ಬಾಲ್ ಚೆಂಡು 142ರಿಂದ 149 ಗ್ರಾಂ ತೂಗಿದರೆ ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ. ನಿಜವಾದ ವ್ಯತ್ಯಾಸವಿರುವುದು ಮೊಣಕೈಯಲ್ಲಿ: ಪಿಚರ್ ಅದನ್ನು ಮಡಿಸಿ ಥಟ್ಟನೆ ಬಿಡಿಸುತ್ತಾನೆ, ಬೌಲರ್ ಹಾಗೆ ಮಾಡಿದರೆ ಅಂಪೈರ್ ಅದನ್ನು ನೋಬಾಲ್ ಎನ್ನುತ್ತಾನೆ. ಆದ್ದರಿಂದಲೇ ಪಿಚರ್‌ಗೆ ಮೊದಲು ಕೈಕೊಡುವುದು ಸಾಮಾನ್ಯವಾಗಿ ಮೊಣಕೈ, ಇಲ್ಲವೇ ಭುಜ; ವೇಗದ ಬೌಲರ್‌ಗೆ ಕೆಳಬೆನ್ನು, ಮಂಡಿ, ಹಿಮ್ಮಡಿ, ಭುಜ. ವೇಗ ಹುಟ್ಟುವ ಬಗೆ ಮಾತ್ರ ಇಬ್ಬರಲ್ಲಿಯೂ ಒಂದೇ. ಎತ್ತಿನ ಚಾಟಿಯ ಹಿಡಿ ನಿಧಾನವಾಗಿ ಅಲುಗಿದರೂ ತುದಿ ಚಟೀರೆನ್ನುವಂತೆ, ಮುಂಗಾಲು ನೆಲಕ್ಕೆ ಊರಿದ ಕ್ಷಣದಲ್ಲಿ ಹುಟ್ಟಿದ ಬಲವು ಸೊಂಟ, ಎದೆ, ಭುಜ, ಮಣಿಕಟ್ಟುಗಳ ಮೂಲಕ ಒಂದಕ್ಕಿಂತ ಒಂದು ವೇಗವಾಗಿ ದಾಟಿ ಬೆರಳ ತುದಿಗೆ ಬರುತ್ತದೆ.

ಕಿರಿಯ: ಹಾಗಾದರೆ ಚೆಂಡು ಕೈಬಿಟ್ಟ ಮೇಲೆ ತೋಳಿಗೆ ಕೆಲಸ ಮುಗಿದಂತಾಯಿತು.

ಹಿರಿಯರು: ಅಪಾಯ ಅಲ್ಲಿಂದಲೇ ಶುರುವಾಗುತ್ತದೆಯಪ್ಪ. ಚೆಂಡು ಹೋಯಿತು, ತೋಳು ಮಾತ್ರ ಅದೇ ರಭಸದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಕೆಲಸದ ದೊಡ್ಡ ಪಾಲು ಭುಜದ ಗುಂಡಿಯ ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳದು. ವೈದ್ಯರು ಆ ನಾಲ್ಕನ್ನೂ ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ಭುಜದ ಗುಂಡಿ ಬಹಳ ಆಳವಿಲ್ಲದ್ದು, ಮೂಳೆಯ ತಲೆ ಅದರಲ್ಲಿ ಕೂರುವುದೇ ಆ ಸ್ನಾಯುಗಳ ಹಿಡಿತದಿಂದ. ಆದ್ದರಿಂದ ಪ್ರತಿ ಎಸೆತಕ್ಕೂ ಅವು ಸ್ವಲ್ಪ ಸ್ವಲ್ಪವೇ ಸವೆಯುತ್ತವೆ, ಬಿಡುವು ಸಿಕ್ಕಾಗ ಚೇತರಿಸಿಕೊಳ್ಳುತ್ತವೆ, ಸಿಗದಿದ್ದರೆ ಹರಿಯುತ್ತವೆ.

ಕಿರಿಯ: ಅಮೆರಿಕದವರು ಇದಕ್ಕೆ ಏನು ದಾರಿ ಮಾಡಿಕೊಂಡಿದ್ದಾರೆ?

ಹಿರಿಯರು: ಎಣಿಸುತ್ತಾರೆ. ಪಂದ್ಯದ ಆರಂಭದಿಂದ ಎಸೆಯುವವನನ್ನು ಸ್ಟಾರ್ಟರ್ ಎನ್ನುತ್ತಾರೆ. ತಂಡದಲ್ಲಿ ಸಾಮಾನ್ಯವಾಗಿ ಐದು ಮಂದಿ ಸ್ಟಾರ್ಟರ್‌ಗಳಿದ್ದು, ಒಬ್ಬೊಬ್ಬನ ಸರದಿ ಐದು ದಿನಕ್ಕೊಮ್ಮೆ ಬರುತ್ತದೆ. ಎಸೆತಗಳ ಸಂಖ್ಯೆ ನೂರರ ಆಸುಪಾಸಿಗೆ ಬಂತೆಂದರೆ ಮ್ಯಾನೇಜರ್ ತಾನೇ ದಿಬ್ಬದವರೆಗೆ ನಡೆದು ಬಂದು ಅಂಗೈ ಚಾಚುತ್ತಾನೆ, ಪಿಚರ್ ಚೆಂಡನ್ನು ಆ ಕೈಗಿಟ್ಟು ಹೊರನಡೆಯುತ್ತಾನೆ. ಎಷ್ಟೇ ಚೆನ್ನಾಗಿ ಎಸೆಯುತ್ತಿದ್ದರೂ ವಾದಕ್ಕೆ ಅಲ್ಲಿ ಹೆಚ್ಚು ಜಾಗವಿಲ್ಲ. ಮುಂದಿನ ಎಸೆತಗಾರನು ಅಷ್ಟು ಹೊತ್ತಿಗೆ ಬುಲ್‌ಪೆನ್ ಎಂಬ ಬದಿಯ ಆವರಣದಲ್ಲಿ ತೋಳು ಬಿಸಿಮಾಡಿಕೊಂಡು ಸಿದ್ಧನಾಗಿರುತ್ತಾನೆ. ಇದು ಮೊದಲಿನಿಂದಲೂ ಹೀಗೇ ಇತ್ತೆಂದು ತಿಳಿಯಬಾರದು. ಸ್ಯಾಂಡಿ ಕೋಫ್ಯಾಕ್ಸ್ ಎಂಬ ಎಡಗೈ ಪಿಚರ್ 1966ರಲ್ಲಿ, ತನ್ನ ಆಟದ ಉತ್ತುಂಗದಲ್ಲಿ, ಮೊಣಕೈಯ ಸಂಧಿವಾತದ ಕಾರಣಕ್ಕೆ 30ನೆಯ ವಯಸ್ಸಿನಲ್ಲಿಯೇ ಆಟ ಬಿಡಬೇಕಾಯಿತು. 1974ರಲ್ಲಿ ಟಾಮಿ ಜಾನ್ ಎಂಬ ಮತ್ತೊಬ್ಬ ಎಡಗೈ ಪಿಚರ್‌ನ ಮೊಣಕೈಯ ಒಳಬದಿಯ ಅಸ್ಥಿರಜ್ಜು, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟುವ ಪಟ್ಟಿ, ಹರಿದಾಗ ಡಾಕ್ಟರ್ ಫ್ರಾಂಕ್ ಜೋಬ್ ಅವನ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜುವನ್ನು ತೆಗೆದು ಎಡ ಮೊಣಕೈಗೆ ಕಸಿ ಮಾಡಿದರು. 1976ರಲ್ಲಿ ಮರಳಿದ ಅವನು 1989ರವರೆಗೆ ಎಸೆದನು. ಒಟ್ಟು 288 ಗೆಲುವುಗಳಲ್ಲಿ 164 ಶಸ್ತ್ರಚಿಕಿತ್ಸೆಯ ನಂತರದವು. ಆ ಶಸ್ತ್ರಚಿಕಿತ್ಸೆಗೆ ಈಗ ವೈದ್ಯನ ಹೆಸರಿಲ್ಲ, ರೋಗಿಯ ಹೆಸರೇ ಇದೆ.

ಕಿರಿಯ: ತೋಳು ಪಿಚರ್‌ನದು, ಆದರೆ ಯಾವಾಗ ಎಸೆಯಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವವನು ಬೇರೆ. ಇದರಲ್ಲಿ ಮಾಲೀಕತ್ವದ ಪ್ರಶ್ನೆಯೂ ಇದ್ದಂತಿದೆ.

ಹಿರಿಯರು: ಇದ್ದೇ ಇದೆ. ಬಹುಕಾಲದವರೆಗೆ ಅಲ್ಲಿನ ಕರಾರಿನಲ್ಲಿ ಮೀಸಲು ಷರತ್ತು ಎಂಬುದೊಂದಿತ್ತು. ಕರಾರಿನ ಅವಧಿ ಮುಗಿದರೂ ಆಟಗಾರನ ಮೇಲಿನ ಹಕ್ಕು ತಂಡದ ಬಳಿಯೇ ಉಳಿಯುತ್ತಿತ್ತು. 1975ರ ಕೊನೆಯಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್ ಕೊಟ್ಟ ತೀರ್ಪಿನಿಂದ ಆ ಕಟ್ಟು ಸಡಿಲವಾಯಿತು, ಮತ್ತು ಆ ಮೊಕದ್ದಮೆಯಲ್ಲಿದ್ದ ಆಂಡಿ ಮೆಸ್ಸರ್‌ಸ್ಮಿತ್, ಡೇವ್ ಮೆಕ್‌ನಾಲಿ ಇಬ್ಬರೂ ಪಿಚರ್‌ಗಳೇ ಆಗಿದ್ದರು. ತಂಡದ ಮಾಲೀಕರು ತೋಳುಗಳನ್ನು ಜೋಪಾನ ಮಾಡಿದ್ದರಲ್ಲಿ ಕರುಣೆಗಿಂತ ಖರ್ಚಿನ ಲೆಕ್ಕವೇ ಹೆಚ್ಚೆಂದು ಹೇಳಿದರೆ ತಪ್ಪಾಗಲಾರದು. ಕೋಟಿಗಟ್ಟಲೆ ಕೊಟ್ಟು ಕರಾರು ಮಾಡಿಕೊಂಡ ತೋಳು ಕೆಟ್ಟರೆ ನಷ್ಟ ಅವರಿಗೇ.

ಕಿರಿಯ: ಈ ಕಡೆಯ ತೋಳಿಗೆ ಬರೋಣ. ಶ್ರೀನಾಥ್ ಅವರನ್ನು ಎಲ್ಲರೂ ವೇಗಕ್ಕಾಗಿ ನೆನೆಯುತ್ತಾರೆ. ಅವರ ವೃತ್ತಿಯ ಲೆಕ್ಕವನ್ನು ಯಾರಾದರೂ ಬರೆದಿದ್ದರೆ ಅದು ಹೇಗೆ ಕಾಣುತ್ತಿತ್ತು?

ಹಿರಿಯರು: ಮನೆತನದ ಊರು ಹಾಸನ ಜಿಲ್ಲೆಯ ಜಾವಗಲ್ಲು, ಓದಿದ್ದು ಮೈಸೂರಿನ ಮರಿಮಲ್ಲಪ್ಪ ಶಾಲೆಯಲ್ಲಿ, ಅನಂತರ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ. 1989–90ರ ಋತುವಿನಲ್ಲಿ ಹೈದರಾಬಾದಿನ ಎದುರು ಕರ್ನಾಟಕದ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿಯೇ ಹ್ಯಾಟ್ರಿಕ್. 1991ರ ಅಕ್ಟೋಬರಿನಲ್ಲಿ ಶಾರ್ಜಾದಲ್ಲಿ ಮೊದಲ ಏಕದಿನ ಪಂದ್ಯ, ನವೆಂಬರಿನ ಕೊನೆಯಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್. ವೇಗಿಯೊಬ್ಬನಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ತೆರೆಯಲಾರದು. ಆದರೆ ತವರಿನ ನೆಲದಲ್ಲಿ ಅವರಿಗೆ ಮೊದಲ ಟೆಸ್ಟ್ ಸಿಕ್ಕಿದ್ದು 1994ರ ನವೆಂಬರಿನಲ್ಲಿ, ಮುಂಬೈಯಲ್ಲಿ, ವೆಸ್ಟ್ ಇಂಡೀಸ್ ಎದುರು. ನಡುವಿನ ಮೂರು ವರ್ಷ ಇಲ್ಲಿನ ಪಿಚ್‌ಗಳಲ್ಲಿ ಕುಂಬ್ಳೆ, ರಾಜು, ಚೌಹಾಣ್ ಎಂಬ ಮೂವರು ಸ್ಪಿನ್ನರುಗಳು ಆಡುತ್ತಿದ್ದರು, ಹೊಸ ಚೆಂಡು ಕಪಿಲ್ ದೇವ್ ಮತ್ತು ಪ್ರಭಾಕರ್ ಅವರ ಪಾಲಾಗಿತ್ತು. ದೇಶದ ಅತ್ಯಂತ ವೇಗದ ಬೌಲರ್ ಡ್ರೆಸ್ಸಿಂಗ್ ರೂಮಿನಿಂದ ಪಾನೀಯದ ತಟ್ಟೆ ಹಿಡಿದು ಬರುತ್ತಿದ್ದರು.

ಕಿರಿಯ: ಅದನ್ನು ನಷ್ಟವೆಂದೇ ಏಕೆ ಹೇಳಬೇಕು, ಮೇಷ್ಟ್ರೇ? ಇಪ್ಪತ್ತೆರಡರಿಂದ ಇಪ್ಪತ್ತೈದರವರೆಗೆ ತೋಳಿಗೆ ಬಿಡುವು ಸಿಕ್ಕಿತು, ಅದೇ ಮುಂದೆ ಎಂಟು ವರ್ಷ ಆಡಲು ನೆರವಾಯಿತು ಎಂದೂ ವಾದಿಸಬಹುದಲ್ಲವೇ?

ಹಿರಿಯರು: ವಾದಿಸಬಹುದು, ಆದರೆ ಅದು ಅರ್ಧ ಮಾತ್ರ ಸರಿ. ತೋಳನ್ನು ಉಳಿಸಬೇಕೆಂದು ಯಾರೂ ಅವರನ್ನು ಹೊರಗೆ ಕೂರಿಸಿದ್ದಲ್ಲ, ಬೇಕಿಲ್ಲವೆಂದು ಕೂರಿಸಿದ್ದು. ಬೇಕಾದ ದಿನ ಬಂದಾಗ ಆಗಿದ್ದನ್ನು ಗಮನಿಸು. 1994ರಲ್ಲಿ ಕಪಿಲ್ ನಿವೃತ್ತರಾದರು. 1995ರ ಬೇಸಿಗೆಯಲ್ಲಿ ಶ್ರೀನಾಥ್ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಯ ಪರವಾಗಿ ಆಡಿ 87 ವಿಕೆಟ್ ಪಡೆದರು. ಅದರ ಬೆನ್ನಿಗೆ 1996ರ ವಿಶ್ವಕಪ್, ಇಂಗ್ಲೆಂಡ್ ಪ್ರವಾಸ, ಟೈಟನ್ ಕಪ್, ದಕ್ಷಿಣ ಆಫ್ರಿಕದ ಎದುರು ಇಲ್ಲೊಂದು ಸರಣಿ, ಅಲ್ಲೊಂದು ಸರಣಿ. ಆ ವರ್ಷದ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ 170 ರನ್ ಬೆನ್ನಟ್ಟಿದ ದಕ್ಷಿಣ ಆಫ್ರಿಕ 105ಕ್ಕೆ ಕುಸಿಯಿತು, ಶ್ರೀನಾಥ್ 21 ರನ್ನಿಗೆ 6 ವಿಕೆಟ್. ಬಿರುಕುಬಿಟ್ಟ, ಸ್ಪಿನ್ನರಿಗಾಗಿ ಕಾದಿದ್ದ ಆ ನೆಲದಲ್ಲಿ ವೇಗಿಯೊಬ್ಬ ಹಾಗೆ ಎಸೆದದ್ದನ್ನು ಇಲ್ಲಿನವರು ಬಹಳ ಕಾಲ ಕೊಂಡಾಡಿದರು. ಕೆಲವೇ ತಿಂಗಳಲ್ಲಿ ಅದೇ ಭುಜದ ರೊಟೇಟರ್ ಕಫ್ ಹರಿದು, ಅವರು 1997ರ ವೆಸ್ಟ್ ಇಂಡೀಸ್ ಪ್ರವಾಸವನ್ನೇ ಕಳೆದುಕೊಂಡರು; ಶಸ್ತ್ರಚಿಕಿತ್ಸೆಯಾಗಿ ಮರಳುವ ಹೊತ್ತಿಗೆ ವರ್ಷ ಕೊನೆಗೆ ಬಂದಿತ್ತು. ಆ ಪ್ರವಾಸದ ಬಾರ್ಬಡೋಸ್ ಟೆಸ್ಟಿನಲ್ಲಿ ಭಾರತ 120 ರನ್ ಬೆನ್ನಟ್ಟಲಾರದೆ 81ಕ್ಕೆ ಬಿದ್ದು ಸರಣಿ ಸೋತಿತು. ಅಲ್ಲಿ ಎಡವಿದ್ದು ಬ್ಯಾಟಿಂಗೇ ನಿಜ, ಆದರೂ ತಂಡ ಎಂಥ ಬೌಲರ್ ಇಲ್ಲದೆ ಹೋಗಿತ್ತೆಂಬುದನ್ನು ಮರೆಯಬಾರದು.

ಕಿರಿಯ: ಒಟ್ಟು ಎಸೆತಗಳೆಷ್ಟು?

ಹಿರಿಯರು: 67 ಟೆಸ್ಟ್‌ಗಳಲ್ಲಿ 15,104, 229 ಏಕದಿನ ಪಂದ್ಯಗಳಲ್ಲಿ 11,935, ಕೂಡಿಸಿದರೆ 27,039. ವಿಕೆಟ್‌ಗಳು ಕ್ರಮವಾಗಿ 236 ಮತ್ತು 315.

ಕಿರಿಯ: ಪಿಚರ್ ಒಬ್ಬನು ಋತುವಿಗೆ ಮೂವತ್ತು ಪಂದ್ಯಗಳಲ್ಲಿ ನೂರು ನೂರರಂತೆ ಎಸೆದರೆ ವರ್ಷಕ್ಕೆ ಮೂರು ಸಾವಿರ, ಒಂಬತ್ತು ವರ್ಷಕ್ಕೆ ಶ್ರೀನಾಥ್ ಅವರ ಸಂಖ್ಯೆ ತುಂಬಿಹೋಗುತ್ತದೆ. ಶ್ರೀನಾಥ್ ಆಡಿದ್ದು ಹೆಚ್ಚುಕಡಿಮೆ ಹನ್ನೊಂದೂವರೆ ವರ್ಷ. ಹಾಗಾದರೆ ಎಣಿಸಿ ಕಾಪಾಡಿದವನೇ ಹೆಚ್ಚು ಎಸೆದಂತಾಯಿತು. ಎಣಿಕೆಯ ಹೆಚ್ಚುಗಾರಿಕೆ ಎಲ್ಲಿ ಉಳಿಯಿತು?

ಹಿರಿಯರು: ಒಳ್ಳೆಯ ಆಕ್ಷೇಪಣೆ. ಮೊದಲನೆಯದಾಗಿ, ಈ ಮೊತ್ತದಲ್ಲಿ ರಣಜಿ ಪಂದ್ಯಗಳಿಲ್ಲ, ಕೌಂಟಿ ಋತುಗಳಿಲ್ಲ, ನೆಟ್ಸ್‌ನಲ್ಲಿ ಎಸೆದ ಚೆಂಡುಗಳಂತೂ ಯಾವ ಪುಸ್ತಕದಲ್ಲಿಯೂ ಇಲ್ಲ. ಪ್ರತಿ ಎಸೆತದ ಹಿಂದೆ ಒಂದು ಓಟವಿದೆ, ಮುಂಗಾಲಿಗೆ ಪ್ರತಿ ಸಲವೂ ದೇಹತೂಕದ ಹಲವು ಪಟ್ಟು ಹೊಡೆತವಿದೆ. ಅದಕ್ಕಿಂತ ದೊಡ್ಡ ಸಂಗತಿ ಹಂಚಿಕೆ. ಪಿಚರ್‌ನ ನೂರು ಎಸೆತಗಳ ಆಚೆ ನಾಲ್ಕು ದಿನದ ಬಿಡುವು ಬರೆದಿಟ್ಟಂತೆ ಇರುತ್ತದೆ. ಟೆಸ್ಟ್ ಬೌಲರ್ ಒಂದು ದಿನ ಇಪ್ಪತ್ತು ಓವರ್, ಅಂದರೆ 120 ಚೆಂಡು ಎಸೆದು, ಮರುದಿನ ಬೆಳಿಗ್ಗೆ ಹೊಸ ಚೆಂಡು ಕೈಗೆ ಬಂದರೆ ಮತ್ತೆ ಓಡಬೇಕು. ಎಷ್ಟು ಎಂಬುದರ ಜೊತೆಗೆ ಯಾವ ಯಾವ ದಿನ ಎಂಬುದನ್ನೂ ಬರೆಯಬೇಕಿತ್ತು. 1990ರ ದಶಕದಲ್ಲಿ ಅದನ್ನು ಬರೆಯುವ ವ್ಯವಸ್ಥೆ ಇಲ್ಲಿ ಇರಲಿಲ್ಲ. ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಬೆಂಗಳೂರಿನಲ್ಲಿ ಶುರುವಾದದ್ದೇ 2000ದಲ್ಲಿ.

ಕಿರಿಯ: 1999ರ ಕೋಲ್ಕತ್ತ ಟೆಸ್ಟ್ ಇದಕ್ಕೆ ಉದಾಹರಣೆಯಾಗಬಹುದೇ?

ಹಿರಿಯರು: ಅದು ಬೇರೆಯ ಪಾಠ. ಪಾಕಿಸ್ತಾನದ ಎದುರು ಮೊದಲ ಇನಿಂಗ್ಸ್‌ನಲ್ಲಿ 46ಕ್ಕೆ 5, ಎರಡನೆಯದರಲ್ಲಿ 86ಕ್ಕೆ 8, ಒಟ್ಟು 132 ರನ್ನಿಗೆ 13 ವಿಕೆಟ್. ಶಸ್ತ್ರಚಿಕಿತ್ಸೆಯಾದ ಭುಜದಿಂದ ಬಂದ, ಅವರ ಇಡೀ ವೃತ್ತಿಯ ಶ್ರೇಷ್ಠ ಪಂದ್ಯ. ಭಾರತ 46 ರನ್ನಿನಿಂದ ಸೋತಿತು, ಜನರಿಗೆ ಇಂದು ನೆನಪಿರುವುದು ಸಚಿನ್ ರನೌಟ್ ಆದದ್ದು ಮತ್ತು ಗ್ಯಾಲರಿಯ ಗಲಾಟೆ. ಅದಕ್ಕೆ ಕೆಲವೇ ದಿನ ಮುಂಚೆ ದೆಹಲಿಯಲ್ಲಿ ಕುಂಬ್ಳೆ ಒಂಬತ್ತು ವಿಕೆಟ್ ಪಡೆದು ಹತ್ತನೆಯದಕ್ಕೆ ಕಾದಿದ್ದಾಗ, ಇನ್ನೊಂದು ತುದಿಯಿಂದ ಶ್ರೀನಾಥ್ ವಿಕೆಟ್ ಬೀಳದಂತೆ ಬೇಕೆಂದೇ ಸ್ಟಂಪಿನಿಂದ ದೂರ ದೂರ ಎಸೆದರು. ಪಿಚರ್‌ಗಳೂ ಅಪಾಯಕಾರಿ ಬ್ಯಾಟರ್‌ನಿಗೆ ಬೇಕೆಂದೇ ಹೊರಗೆ ಎಸೆದು, ಮೊದಲ ಬೇಸಿಗೆ ನಡೆದು ಹೋಗಲು ಬಿಟ್ಟು, ಮುಂದಿನವನನ್ನು ಎದುರಿಸುವುದುಂಟು, ಅದು ಲೆಕ್ಕಾಚಾರ. ಜೊತೆಗಾರನ ದಾಖಲೆಗಾಗಿ ತನ್ನ ವಿಕೆಟ್ ಬಿಟ್ಟುಕೊಡುವ ಎಸೆತ ಆ ಆಟದ ಪುಸ್ತಕದಲ್ಲಿ ಸುಲಭವಾಗಿ ಸಿಗಲಾರದು.

ಕಿರಿಯ: ಇಷ್ಟೆಲ್ಲ ಕೇಳಿದ ಮೇಲೂ ಒಂದು ಅನುಮಾನ ಉಳಿಯುತ್ತದೆ. ಚಂದ್ರಶೇಖರ್ ಅವರ ತೋಳನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ? ಬಾಲ್ಯದಲ್ಲಿಯೇ ಪೋಲಿಯೊದಿಂದ ಸೊರಗಿದ ಬಲಗೈ ಅದು. ಫೀಲ್ಡಿಂಗ್ ಮಾಡುವಾಗ ಅವರು ಎಡಗೈಯಲ್ಲಿ ಎಸೆಯುತ್ತಿದ್ದರು. ಯಾವ ಅಮೆರಿಕನ್ ತಂಡದ ವೈದ್ಯನೂ ಆ ತೋಳಿಗೆ ಕರಾರು ಕೊಡಲು ಒಪ್ಪುತ್ತಿರಲಿಲ್ಲ.

ಹಿರಿಯರು: ಒಪ್ಪುತ್ತಿರಲಿಲ್ಲ ಎಂಬುದು ನಿಜ, ಮತ್ತು ಇಲ್ಲಿ ಎಣಿಕೆಯ ಪಕ್ಷ ಸ್ವಲ್ಪ ಬಾಗಲೇಬೇಕು. 1964ರ ಜನವರಿಯಿಂದ 1979ರವರೆಗೆ 58 ಟೆಸ್ಟ್, 15,963 ಎಸೆತ, 242 ವಿಕೆಟ್. ಈ ಅಂಕಿಗಳನ್ನು ಶ್ರೀನಾಥ್ ಅವರ ಅಂಕಿಗಳ ಪಕ್ಕದಲ್ಲಿಟ್ಟರೆ ವಿಚಿತ್ರವೊಂದು ಕಾಣುತ್ತದೆ: ಚಂದ್ರಶೇಖರ್ ಟೆಸ್ಟ್‌ಗಳಲ್ಲಿ ಕೊಟ್ಟ ರನ್ 7,199, ಶ್ರೀನಾಥ್ ಕೊಟ್ಟದ್ದು 7,196. ಒಂದೇ ಊರಿನಲ್ಲಿ ಹುಟ್ಟಿದ, ಒಬ್ಬನು ಲೆಗ್‌ಸ್ಪಿನ್ನರ್, ಇನ್ನೊಬ್ಬನು ವೇಗಿಯಾದ ಇಬ್ಬರ ಇಡೀ ವೃತ್ತಿಗಳ ನಡುವೆ ಮೂರೇ ರನ್ನಿನ ಅಂತರ! ಸೊರಗಿದ ತೋಳು ಬಳುಕುತ್ತಿದ್ದುದರಿಂದಲೇ ಚಂದ್ರ ಅವರ ಗೂಗ್ಲಿ ಅಷ್ಟು ಚುರುಕಾಗಿ ಬರುತ್ತಿತ್ತೆಂದು ಹೇಳುವವರಿದ್ದಾರೆ. ಬ್ಯಾಟರ್‌ಗಳಿಗಂತೂ ಅದು ಸ್ಪಿನ್ನರಿನ ಚೆಂಡೋ ಮಧ್ಯಮ ವೇಗಿಯ ಚೆಂಡೋ ಎಂದು ತಿಳಿಯುವಷ್ಟರಲ್ಲಿ ಸ್ಟಂಪು ಹಾರಿರುತ್ತಿತ್ತು. 1971ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಅವರು ಇಂಗ್ಲೆಂಡನ್ನು 101ಕ್ಕೆ ಕೆಡವಿದಾಗ, ಭಾರತಕ್ಕೆ ಆ ನೆಲದಲ್ಲಿ ಮೊದಲ ಸರಣಿ ಗೆಲುವು ದಕ್ಕಿತು.

ಕಿರಿಯ: ಹಾಗಾದರೆ ತೋಳಿಗಿಂತ ಬೆರಳು ದೊಡ್ಡದೇ?

ಹಿರಿಯರು: ಭುಜ ಸೋತ ಮೇಲೆ ಉಳಿಯುವುದು ಬೆರಳೇ. ವೇಗಿ ವೆಂಕಟೇಶ್ ಪ್ರಸಾದ್ ಅವರನ್ನು ನೋಡು. ತೋಳು ಅದೇ ವೇಗದಲ್ಲಿ ಬರುತ್ತಿತ್ತು, ಬಿಡುವ ಕ್ಷಣದಲ್ಲಿ ಬೆರಳುಗಳು ಸೀಮಿನ ಬದಿಯ ಮೇಲೆ ಕೆಳಕ್ಕೆ ಜಾರುತ್ತಿದ್ದವು, ಚೆಂಡು ತಡವಾಗಿ ಬಂದು ಹೊರಕ್ಕೆ ತಿರುಗುತ್ತಿತ್ತು. ಬ್ಯಾಟ್ ಅಷ್ಟರೊಳಗೆ ಬೀಸಿ ಆಗಿರುತ್ತಿತ್ತು. ಪಿಚರ್‌ಗಳಲ್ಲಿ ಇದಕ್ಕೆ ಚೇಂಜಪ್ ಎನ್ನುತ್ತಾರೆ: ಚೆಂಡನ್ನು ಬೆರಳ ತುದಿಯ ಬದಲು ಅಂಗೈಯೊಳಗೆ ಹುದುಗಿಸಿ ಹಿಡಿದು, ಅದೇ ಬೀಸಿನಲ್ಲಿ ಬಿಟ್ಟರೆ, ತೋಳು ಒಂದು ವೇಗವನ್ನು ತೋರಿಸಿ ಚೆಂಡು ಇನ್ನೊಂದು ವೇಗದಲ್ಲಿ ಹೋಗುತ್ತದೆ. ಶ್ರೀನಾಥ್ ಅವರಿಗೆ ಸಹಜವಾಗಿ ಬರುತ್ತಿದ್ದದ್ದು ಬಲಗೈ ಬ್ಯಾಟರ್‌ನ ಒಳಕ್ಕೆ ನುಗ್ಗುವ ಚೆಂಡು. ವಯಸ್ಸಾದಂತೆ ಅವರೂ ವೇಗವನ್ನು ಕಳೆದು, ಹೀಗೆ ಬೆರಳು ಜಾರಿಸಿ ತಿರುಗಿಸುವ ಕಟ್ಟರ್‌ಗಳನ್ನು ಕೂಡಿಸಿಕೊಂಡರು.

ಕಿರಿಯ: ಶಕ್ತಿಯೊಂದೇ ಇದ್ದವನನ್ನು ಪಿಚರ್ ಮಾಡಬಹುದೆಂದು ಉತ್ತರ ಪ್ರದೇಶದ ಇಬ್ಬರು ಹುಡುಗರನ್ನು ಅಮೆರಿಕಕ್ಕೆ ಕರೆದೊಯ್ದ ಕಥೆ ಸಿನಿಮಾ ಕೂಡ ಆಯಿತಲ್ಲ.

ಹಿರಿಯರು: ರಿಂಕು ಸಿಂಗ್, ದಿನೇಶ್ ಪಟೇಲ್. ಈಟಿ ಎಸೆಯುತ್ತಿದ್ದ ಹುಡುಗರು. 2008ರಲ್ಲಿ ಟಿವಿ ಸ್ಪರ್ಧೆಯೊಂದರಲ್ಲಿ ಆಯ್ಕೆಯಾಗಿ ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಕರಾರಿಗೆ ಸಹಿ ಹಾಕಿದರು. ಇಬ್ಬರೂ ಮೇಲಿನ ದರ್ಜೆಯ ಲೀಗ್ ಮುಟ್ಟಲಿಲ್ಲ. ರಿಂಕು ಕೆಳಗಿನ ಲೀಗುಗಳಲ್ಲಿ ಕೆಲವು ವರ್ಷ ಆಡಿ, ಕೊನೆಗೆ ಕುಸ್ತಿಯ ಪ್ರದರ್ಶನಗಳಿಗೆ ಹೋದರು. ಕರ್ನಾಟಕದಲ್ಲಿ ಇದಕ್ಕೆ ಹತ್ತಿರವಾದವರು ಅಭಿಮನ್ಯು ಮಿಥುನ್, ಮೊದಲು ಡಿಸ್ಕಸ್ ಎಸೆಯುತ್ತಿದ್ದವರು. ಅವರಿಗೆ ಆಟವನ್ನು ಸಮುದ್ರದಾಚೆ ಕಲಿಯಬೇಕಾಗಿರಲಿಲ್ಲ, ಆದ್ದರಿಂದ 2009–10ರ ಮೊದಲ ರಣಜಿ ಋತುವಿನಲ್ಲಿಯೇ 47 ವಿಕೆಟ್ ಪಡೆದರು. ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬೈ ಎದುರಿನ ಆ ಋತುವಿನ ಫೈನಲ್ಲನ್ನು ಕರ್ನಾಟಕ ಆರೇ ರನ್ನಿನಿಂದ ಸೋತದ್ದು ಈ ಭಾಗದವರಿಗೆ ಇನ್ನೂ ಮರೆತಿಲ್ಲ. ಅಷ್ಟಾದರೂ ಅವರ ಟೆಸ್ಟ್‌ಗಳು ನಾಲ್ಕಕ್ಕೆ ನಿಂತವು.

ಕಿರಿಯ: ಶ್ರೀನಾಥ್ ಅವರ ಕೊನೆ ಹೇಗಾಯಿತು?

ಹಿರಿಯರು: 2002ರಲ್ಲಿ ಟೆಸ್ಟ್ ಸಾಕೆಂದರು, ನಾಯಕ ಗಂಗೂಲಿ ಒತ್ತಾಯಿಸಿದ್ದರಿಂದ ಅದೇ ವರ್ಷ ಮತ್ತೆ ಆಡಿದರು, 2003ರ ವಿಶ್ವಕಪ್ಪಿನಲ್ಲಿ 16 ವಿಕೆಟ್ ಪಡೆದರು. ಜೊಹಾನೆಸ್‌ಬರ್ಗಿನ ಫೈನಲ್ಲಿನಲ್ಲಿ ಹತ್ತು ಓವರಿಗೆ 87 ರನ್, ವಿಕೆಟ್ ಇಲ್ಲ. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಆಗ ಅವರಿಗೆ 33 ವರ್ಷ. ಟಾಮಿ ಜಾನ್ 46ರವರೆಗೆ ಎಸೆದದ್ದನ್ನು ಇಲ್ಲಿ ನೆನೆಯಬೇಕು, ಆದರೆ ಓಡಿಬಂದು ಎಸೆಯುವವನಿಗೂ ದಿಬ್ಬದ ಮೇಲೆ ನಿಂತು ಎಸೆಯುವವನಿಗೂ ಆ ವಯಸ್ಸನ್ನು ಒಂದೇ ಸಮನಾಗಿ ಹೊರಿಸಲಾಗದು. 2006ರಿಂದ ಅವರು ಮ್ಯಾಚ್ ರೆಫರಿ. ಅಲ್ಲಿ ತೋಳಿಗೆ ಕೆಲಸವಿಲ್ಲ, ಎಂಜಿನಿಯರಿನ ಶಿಸ್ತಿಗೆ ಇದೆ.

ಕಿರಿಯ: ಇದೆಲ್ಲ ದೊಡ್ಡ ಮೈದಾನದ ಮಾತಾಯಿತು. ಕಿರಂಗೂರಿನ ಬನ್ನಿಮಂಟಪದಿಂದ ಶ್ರೀರಂಗಪಟ್ಟಣದ ದಸರಾ ಹೊರಡುವ ದಿನಗಳಲ್ಲಿ, ಮತ್ತೆ ಭತ್ತದ ಕೊಯ್ಲಾಗಿ ಗದ್ದೆಬಯಲು ಖಾಲಿಯಾದಾಗ, ಊರೂರಿನಲ್ಲಿ ಪಂದ್ಯಾವಳಿಗಳು ನಡೆಯುತ್ತವೆ. ಕೂಳೆ ಕೆತ್ತಿ, ಮಣ್ಣು ಬಡಿದು ಪಿಚ್ ಮಾಡುತ್ತಾರೆ. ಬಹುಮಾನಕ್ಕೆ ನಗದು, ಕಪ್, ಕೆಲವು ಕಡೆ ಟಗರು. ಗೆಲ್ಲುತ್ತ ಹೋದ ತಂಡ ಒಂದೇ ಭಾನುವಾರ ನಾಲ್ಕು ಪಂದ್ಯ ಆಡುವುದುಂಟು, ನಾಲ್ಕರಲ್ಲಿಯೂ ಅದೇ ಹದಿನೈದರ ಹುಡುಗನೇ ವೇಗದ ಓವರ್ ಹಾಕುತ್ತಾನೆ. ಟೆನಿಸ್ ಚೆಂಡು ಹಗುರ, ಏನೂ ಆಗದು ಎಂದು ಎಲ್ಲರೂ ಹೇಳುತ್ತಾರೆ.

ಹಿರಿಯರು: ಚೆಂಡು 58 ಗ್ರಾಂ ಆಸುಪಾಸು ತೂಗಬಹುದು, ಬೀಸುವ ತೋಳಿನ ತೂಕ ಮಾತ್ರ ಕಡಿಮೆಯಾಗುವುದಿಲ್ಲ, ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ಅದೇ ನಾಲ್ಕು ಸ್ನಾಯುಗಳು, ಹುಡುಗನ ಮೂಳೆಯ ತುದಿಗಳು ಇನ್ನೂ ಬೆಳೆಯುತ್ತಿರುವ ವಯಸ್ಸು ಬೇರೆ. ಅಮೆರಿಕದ ಬೇಸ್‌ಬಾಲ್ ಸಂಸ್ಥೆಗಳು 15–16ರ ಹುಡುಗರಿಗೆ ದಿನಕ್ಕೆ ಹೆಚ್ಚೆಂದರೆ 95 ಎಸೆತಗಳೆಂದೂ, 76 ಅಥವಾ ಅದಕ್ಕಿಂತ ಹೆಚ್ಚಾದರೆ ನಾಲ್ಕು ದಿನ ಬಿಡುವೆಂದೂ ಮಾರ್ಗಸೂಚಿ ಮಾಡಿವೆ. ಆ ಅಂಕಿಯನ್ನು ಹಾಗೆಯೇ ಇಲ್ಲಿಗೆ ತರಬೇಕಿಲ್ಲ, ಏಕೆಂದರೆ ಆಟ ಬೇರೆ, ಮೈಕಟ್ಟು ಬೇರೆ, ಊಟವೂ ಬೇರೆ.

ಕಿರಿಯ: ಒಂದು ಪಂದ್ಯಕ್ಕೆ ಒಬ್ಬನಿಗೆ ಎರಡೇ ಓವರ್ ಎಂಬ ನಿಯಮ ಹಲವು ಕಡೆ ಇದ್ದೇ ಇದೆ, ಮೇಷ್ಟ್ರೇ.

ಹಿರಿಯರು: ಆ ನಿಯಮ ಬೌಲಿಂಗನ್ನು ಹಂಚುವುದಕ್ಕೆ ಹುಟ್ಟಿದ್ದು, ಅದಕ್ಕೆ ಪಂದ್ಯ ಗೊತ್ತು, ದಿನ ಗೊತ್ತಿಲ್ಲ. ನಾಲ್ಕು ಪಂದ್ಯಕ್ಕೆ ಎಂಟು ಓವರ್, ವೈಡು ನೋಬಾಲು ಸೇರಿ ಐವತ್ತು ಎಸೆತ ದಾಟುತ್ತದೆ. ನಡುನಡುವೆ ಗಂಟೆಗಟ್ಟಲೆ ಕೂತು, ಮೈ ತಣ್ಣಗಾದ ಮೇಲೆ ಬಿಸಿಮಾಡಿಕೊಳ್ಳದೆ ಎದ್ದು ಎಸೆದದ್ದು ಬೇರೆ. ಮರುದಿನ ಪಾಂಡವಪುರದ ಕಡೆ ಇನ್ನೊಂದು ಟೂರ್ನಿಯಿದ್ದರೆ ಅದೇ ಹುಡುಗ ಬೈಕ್ ಹತ್ತುತ್ತಾನೆ.

ಕಿರಿಯ: ಸ್ಕೋರರ್ ಪುಸ್ತಕದಲ್ಲಿ ಹೆಸರಿನ ಮುಂದೆ ದಿನದ ಮೊತ್ತಕ್ಕೆ ಒಂದು ಕಾಲಂ ಎಳೆಯುವುದು ಕಷ್ಟವಲ್ಲ. ಕಷ್ಟವಿರುವುದು ಸೆಮಿಫೈನಲ್ಲಿನಲ್ಲಿ ಆ ಕಾಲಂ ತೋರಿಸಿ ತಂಡದ ನಾಯಕನಿಂದ ಚೆಂಡು ವಾಪಸು ಪಡೆಯುವುದು. ಟಗರು ಎದುರಿಗೇ ಕಟ್ಟಿರುತ್ತದೆ.

ಹಿರಿಯರು: ಹಾಗಾದರೆ ಅದನ್ನು ಅಂದಿನ ದಿನಕ್ಕೆ ಬಿಡದೆ, ತಂಡಗಳಿಂದ ಪ್ರವೇಶ ಶುಲ್ಕ ಪಡೆಯುವ ದಿನವೇ ನಿಯಮದ ಹಾಳೆಯಲ್ಲಿ ಬರೆದು ನಾಯಕರ ಸಹಿ ಹಾಕಿಸಬೇಕು; ಹದಿನೆಂಟರೊಳಗಿನವರಿಗೆ ದಿನಕ್ಕೆ ಆರು ಓವರಿನಿಂದ ಶುರು ಮಾಡಿ, ಒಂದು ಋತು ನಡೆಸಿ ನೋಡಿ, ಆಮೇಲೆ ಏರಿಸುವುದೋ ಇಳಿಸುವುದೋ ಗೊತ್ತುಮಾಡಬಹುದು.